ಮರ್ಯಮ್: ತಾಯಿ ಇಟ್ಟ ಹೆಸರು

ಮಗುವಿಗೆ ಹೆಸರು ಸೂಚಿಸಿ ಎಂದು ನಮ್ಮ ಬಳಿ ಬರುವ ಮನೆಯವರು ಈಗೀಗ ಯಾರಿಗೂ ಇಲ್ಲದ ಹೊಸ ಹೆಸರನ್ನೇ ಕೇಳುತ್ತಾರೆ. ಹೊಸ ಹೆಸರು ಇಡುವುದು ತಪ್ಪಲ್ಲ. ಆದರೆ ಅಜ್ಜಿಯ ಹೆಸರು ‘ಮರಿಯಮ್ಮ’ ಎಂದು ಹೇಳಿಕೊಳ್ಳಲು ಮೊಮ್ಮಕ್ಕಳು ನಾಚುವುದಾದರೆ, ಆ ಹೆಸರಿನ ಚರಿತ್ರೆಯನ್ನು ನಾವು ಅವರಿಗೆ ಹೇಳಿಕೊಟ್ಟಿಲ್ಲ ಎಂದರ್ಥ.

ಪವಿತ್ರ ಕುರ್‌ಆನ್‌ನಲ್ಲಿ ಸ್ವಂತ ಹೆಸರಿನಿಂದ ಉಲ್ಲೇಖಗೊಂಡ ಏಕೈಕ ಮಹಿಳೆ ಮರ್ಯಮ್(ಅ). ಆ ಹೆಸರು 34 ಬಾರಿ ಬಂದಿದೆ. 98 ಸೂಕ್ತಗಳಿರುವ 19ನೇ ಅಧ್ಯಾಯದ ಹೆಸರೂ ಅದೇ.

ಈ ಹೆಸರನ್ನು ಇಟ್ಟವರು ಯಾರು? ಆಲು ಇಮ್ರಾನ್ ಅಧ್ಯಾಯ ಅದನ್ನು ತಿಳಿಸುತ್ತದೆ. ಇಮ್ರಾನರ ಪತ್ನಿ ತಮ್ಮ ಗರ್ಭದಲ್ಲಿದ್ದ ಶಿಶುವನ್ನು ಅಲ್ಲಾಹನ ಸೇವೆಗೆ ಹರಕೆ ಹೊತ್ತಿದ್ದರು. ಬೈತುಲ್ ಮಖ್ದಿಸ್‌ನ ಸೇವೆಗೆ ಗಂಡುಮಕ್ಕಳನ್ನೇ ಬಿಡುವುದು ಅಂದಿನ ವಾಡಿಕೆಯೆಂದು ವ್ಯಾಖ್ಯಾನಕಾರರು ಬರೆದಿದ್ದಾರೆ. ಹುಟ್ಟಿದ್ದು ಹೆಣ್ಣು. ಆ ತಾಯಿ ಹರಕೆಯನ್ನು ಹಿಂತೆಗೆಯಲಿಲ್ಲ. ತಾನೇ ಮಗುವಿಗೆ ಮರ್ಯಮ್ ಎಂದು ಹೆಸರಿಟ್ಟು, ಅಲ್ಲಾಹನ ರಕ್ಷಣೆಗೆ ಒಪ್ಪಿಸಿದರು. ಅಲ್ಲಾಹನು ಆ ಹೆಣ್ಣುಮಗುವನ್ನು ಉತ್ತಮವಾಗಿ ಸ್ವೀಕರಿಸಿದನು. ಝಕರಿಯ್ಯಾ(ಅ) ಆಕೆಯ ಮಿಹ್ರಾಬಿಗೆ ಹೋದಾಗಲೆಲ್ಲ ಅಲ್ಲಿ ಆಹಾರ ಕಾಣುತ್ತಿದ್ದ ಸಂಗತಿ 37ನೇ ಸೂಕ್ತದಲ್ಲಿದೆ. ಉಸ್ಮಾನೀ ಕಾಲದ ಎಷ್ಟೋ ಮಸೀದಿಗಳಲ್ಲಿ ಇಮಾಮರು ನಿಲ್ಲುವ ಮಿಹ್ರಾಬಿನ ಮೇಲೆ ಕೆತ್ತಿರುವುದು ಇದೇ ಸೂಕ್ತದ ಮಾತುಗಳನ್ನು.

ಹೀಬ್ರೂ ಭಾಷೆಯಲ್ಲಿ ಈ ಹೆಸರು ಮಿರ್ಯಾಮ್. ಅರ್ಥದ ಬಗ್ಗೆ ಭಾಷಾತಜ್ಞರಲ್ಲಿ ಒಮ್ಮತವಿಲ್ಲ. ‘ಆರಾಧಕಿ’ ಎಂಬ ಅರ್ಥವನ್ನು ಕೆಲವು ತಫ್ಸೀರ್‌ಗಳು ಕೊಡುತ್ತವೆ. ಗ್ರೀಕರಲ್ಲಿ ಅದು ಮರಿಯಾ ಆಯಿತು, ಇಂಗ್ಲಿಷರಲ್ಲಿ ಮೇರಿ. ನಮ್ಮ ಕರಾವಳಿಯ ಬ್ಯಾರಿ ಮನೆಗಳಲ್ಲಿ ಖತೀಜಮ್ಮ, ಆಯಿಶಮ್ಮರಂತೆ ‘ಅಮ್ಮ’ ಸೇರಿ ಮರಿಯಮ್ಮ ಆಯಿತು. ಪಕ್ಕದ ಕ್ರೈಸ್ತ ಮನೆಯ ಮೇರಿಯೂ ನಮ್ಮ ಮರಿಯಮ್ಮನೂ ಒಂದೇ ಹೆಸರಿನವರು.

ಮಕ್ಕಾದ ಹಿಂಸೆ ತಾಳಲಾಗದೆ ಮುಸ್ಲಿಮರು ಹಬಶಾಕ್ಕೆ ವಲಸೆ ಹೋದಾಗ, ಕ್ರೈಸ್ತ ದೊರೆ ನಜ್ಜಾಶಿಯ ಮುಂದೆ ಜಅ್‌ಫರ್(ರ) ಓದಿದ್ದು ಮರ್ಯಮ್ ಅಧ್ಯಾಯದ ಆರಂಭವನ್ನು. ದೊರೆ ಕಣ್ಣೀರಿಟ್ಟ, ಆಶ್ರಿತರನ್ನು ಶತ್ರುಗಳಿಗೆ ಒಪ್ಪಿಸಲಿಲ್ಲ. ಮುಂದೆ ಮೊಗಲರ ಅರಮನೆಯಲ್ಲಿ ಅಕ್ಬರನ ತಾಯಿ ಮರ್ಯಮ್ ಮಕಾನಿ, ಜಹಾಂಗೀರನ ತಾಯಿ ಮರ್ಯಮ್ ಝಮಾನಿ ಎಂಬ ಬಿರುದು ಪಡೆದರು. 2014ರಲ್ಲಿ ಗಣಿತದ ಫೀಲ್ಡ್ಸ್ ಪದಕ ಗಳಿಸಿದ ಮೊದಲ ಮಹಿಳೆ ಇರಾನಿನ ಮರ್ಯಮ್ ಮಿರ್ಝಾಖಾನಿ.

ಹೆಣ್ಣು ಹುಟ್ಟಿದ ಸುದ್ದಿ ಕೇಳಿ ಮುಖ ಕಪ್ಪಿಡುವವರನ್ನು ಕುರ್‌ಆನ್ ಖಂಡಿಸಿದೆ. ಆದರೂ ‘ಮತ್ತೆ ಹೆಣ್ಣೇ?’ ಎಂಬ ಮಾತು ನಮ್ಮ ಮನೆಗಳಿಂದ ಪೂರ್ತಿ ಹೋಗಿಲ್ಲ. ಆ ಮಾತು ಬಾಣಂತಿಯ ಕಿವಿಗೆ ಬೀಳುವ ಮೊದಲು ಇಮ್ರಾನರ ಪತ್ನಿಯನ್ನು ನೆನೆಯೋಣ. ಏಳನೆಯ ದಿನ ಅಖೀಖಾಕ್ಕೆ ಕೂಡಿದಾಗ, ಯಾವ ಹೆಸರಿಡೋಣ ಎಂದು ಮಗುವಿನ ತಾಯಿಯನ್ನೂ ಕೇಳೋಣ. ನಮ್ಮ ಹೆಣ್ಣುಮಕ್ಕಳನ್ನು ಅಲ್ಲಾಹನು ಉತ್ತಮ ರೀತಿಯಲ್ಲಿ ಸ್ವೀಕರಿಸಿ ಬೆಳೆಸಲಿ, ಆಮೀನ್.