ಫೋನಿನೊಳಗಿನ ಬೇಲಿ: ಫುಟ್‌ಬಾಲ್ ನೋಡುವ ಹಕ್ಕಿನ ಚರಿತ್ರೆ

ಪೋಸ್ಟ್ ಸ್ವಲ್ಪ ಉದ್ದ ಇದೆ, ಬಿಡುವು ಮಾಡಿಕೊಂಡು ಓದಿ.

ಇಂಗ್ಲೆಂಡಿನಲ್ಲಿ ಶನಿವಾರ ಮಧ್ಯಾಹ್ನ ಮೂರು ಗಂಟೆಗೆ ಶುರುವಾಗೋ ಪ್ರೀಮಿಯರ್ ಲೀಗ್ ಪಂದ್ಯವನ್ನು ಬೆಂಗಳೂರಲ್ಲಿ ಕೂತವರು ದುಡ್ಡು ಕಟ್ಟಿ ಫೋನಲ್ಲೇ ಲೈವ್ ನೋಡಬಹುದು. ಅದೇ ಮನುಷ್ಯ ಲಂಡನ್ನಿಗೆ ಹೋಗಿ, ಮೈದಾನದ ಪಕ್ಕದ ಬೀದಿಯಲ್ಲೇ ರೂಮು ಹಿಡಿದು ಫೋನ್ ತೆಗೆದರೆ ಪಂದ್ಯ ಇಲ್ಲ! ಅಲ್ಲಿ ಶನಿವಾರ 2:45ರಿಂದ 5:15ರವರೆಗೆ ಫುಟ್‌ಬಾಲ್ ನೇರಪ್ರಸಾರ ಮಾಡೋ ಹಾಗಿಲ್ಲ. 1960ರ ದಶಕದಲ್ಲಿ ಬರ್ನ್ಲಿ ಕ್ಲಬ್ಬಿನ ಅಧ್ಯಕ್ಷ ಬಾಬ್ ಲಾರ್ಡ್ ಹಠ ಹಿಡಿದು ತಂದ ನಿಯಮ ಇದು. ದೊಡ್ಡ ಪಂದ್ಯ ಮನೆಯಲ್ಲೇ ಸಿಕ್ಕರೆ ಸಣ್ಣ ಊರಿನ ಸಣ್ಣ ಕ್ಲಬ್ಬಿನ ಗೇಟಿಗೆ ಜನ ಬರಲ್ಲ ಅನ್ನೋದು ಅವರ ಭಯ. ಆ ಭಯದಲ್ಲಿ ನ್ಯಾಯವೂ ಇತ್ತು. ಆದರೆ ಒಂದು ಮಾತು ಇದರಿಂದ ಸ್ಪಷ್ಟ ಆಗುತ್ತೆ: ಆಟ ಯಾರಿಗೆ ಕಾಣಬೇಕು ಅಂತ ತೀರ್ಮಾನ ಮಾಡೋದು ತಂತ್ರಜ್ಞಾನ ಅಲ್ಲ, ಬೇಲಿ ಹಾಕೋ ಅಧಿಕಾರ ಇರೋ ಮನುಷ್ಯರು.

ಚಳವಳಿಯವನಿಗೆ ಯಾಕಪ್ಪಾ ಫುಟ್‌ಬಾಲ್ ಆಪ್ ವಿಷಯ ಅಂತ ಕೆಲವರು ಕೇಳ್ತೀರಿ. 2022ರಲ್ಲಿ ಕತಾರ್ ವಿಶ್ವಕಪ್ ನಡೀತಿದ್ದಾಗ ಗಲ್ಫಿಗೆ ದುಡಿಯೋಕೆ ಹೋಗಿರೋ ನಮ್ಮ ಕೇರಿ ಹುಡುಗರು ನನಗೆ ಕೇಳಿದ್ದು ಇದನ್ನೇ. "ಊರಲ್ಲಿ ಜಿಯೋ ಸಿನಿಮಾದಲ್ಲಿ ಪುಕ್ಕಟೆ ಬರ್ತಿರೋದು ಇಲ್ಲಿ ಯಾಕಣ್ಣ ಬರಲ್ಲ?" ಉತ್ತರಕ್ಕೆ ಚರಿತ್ರೆಗೇ ಹೋಗಬೇಕು.

1927ರ ಜನವರಿ 22. ಲಂಡನ್ನಿನ ಹೈಬರಿ ಮೈದಾನದಲ್ಲಿ ಆರ್ಸೆನಲ್ ಮತ್ತು ಶೆಫೀಲ್ಡ್ ಯುನೈಟೆಡ್ ಪಂದ್ಯ. ಬಿಬಿಸಿ ಮೊದಲ ಸಲ ಲೀಗ್ ಪಂದ್ಯದ ವೀಕ್ಷಕ ವಿವರಣೆಯನ್ನು ರೇಡಿಯೊದಲ್ಲಿ ನೇರವಾಗಿ ಕೊಟ್ಟಿತು. ಕೇಳುಗರಿಗೆ ಚೆಂಡು ಎಲ್ಲಿದೆ ಅಂತ ತಿಳೀಲಿ ಅಂತ ಮೈದಾನವನ್ನು ಚೌಕ ಚೌಕ ಮಾಡಿ, ನಂಬರ್ ಹಾಕಿ, ರೇಡಿಯೊ ಟೈಮ್ಸ್ ಪತ್ರಿಕೆಯಲ್ಲಿ ಅಚ್ಚು ಹಾಕಿದ್ದರು. ಮೈದಾನದ ಗೋಡೆ ದಾಟಿ ಆಟ ಹೊರಗೆ ಬಂತು. ಅದಾಗಿ ಎರಡು ತಿಂಗಳಿಗೆ, ಮಾರ್ಚ್ 20ಕ್ಕೆ, ಮಹಾಡದಲ್ಲಿ ಬಾಬಾಸಾಹೇಬರು ಚವದಾರ್ ಕೆರೆಯ ನೀರು ಮುಟ್ಟಿದರು. ನೀರಿಗೂ ಫುಟ್‌ಬಾಲಿಗೂ ಹೋಲಿಕೆ ಮಾಡಬಾರದು, ನನಗೂ ಗೊತ್ತು. ನೀರು ಜೀವದ ಪ್ರಶ್ನೆ. ಆದರೂ ಮಹಾಡ್ ಕಲಿಸಿದ ಒಂದು ಪಾಠವನ್ನು ಇಲ್ಲಿ ನೆನಪಿಟ್ಟುಕೊಳ್ಳಿ. ಆ ಕೆರೆ ಕಾಗದದ ಮೇಲೆ ಆಗಲೇ ಎಲ್ಲರದ್ದೂ ಆಗಿತ್ತು. 1923ರಲ್ಲೇ ಬೊಂಬಾಯಿ ಶಾಸನ ಸಭೆ ಬೋಳೆಯವರ ನಿರ್ಣಯ ಒಪ್ಪಿತ್ತು, ಮಹಾಡದ ಪುರಸಭೆಯೂ ಒಪ್ಪಿತ್ತು. ಕೆರೆ ತನಕ ನಡೆದುಕೊಂಡು ಹೋಗೋದು ಮಾತ್ರ ಬಾಕಿ ಇತ್ತು.

ನಾನು ನೋಡಿದ ಮೊದಲ ಅಂತರರಾಷ್ಟ್ರೀಯ ಪಂದ್ಯ 1990ರ ವಿಶ್ವಕಪ್ಪಿನದು. ದೂರದರ್ಶನದಲ್ಲಿ. ಊರಲ್ಲಿ ಟಿವಿ ಇದ್ದ ಮನೆಯೊಳಗೆ ನಮಗೆ ಪ್ರವೇಶ ಇರಲಿಲ್ಲ, ಕಿಟಕಿ ಸರಳು ಹಿಡ್ಕೊಂಡು ಹೊರಗೆ ನಿಂತು ನೋಡಿದ್ವಿ. ಕ್ಯಾಮರೂನ್ ಒಂಬತ್ತೇ ಜನರಲ್ಲಿ ಆಟ ಮುಗಿಸಿ, ಹಿಂದಿನ ಚಾಂಪಿಯನ್ ಅರ್ಜೆಂಟೀನಾವನ್ನು 1-0ಯಿಂದ ಸೋಲಿಸಿತು. ಕಪ್ಪು ಜನ ಗೆದ್ದರು ಅಂತ ಹೊರಗಿದ್ದ ನಾವೆಲ್ಲ ಕೂಗಿದ್ವಿ. ಒಳಗಿದ್ದವರಿಗೆ ಸಿಟ್ಟು ಬಂತು, ಕಿಟಕಿ ಮುಚ್ಚಿದರು. ಪ್ರಸಾರ ಸರಕಾರದ್ದು, ಗಾಳಿಯಲ್ಲಿ ಬರೋ ಅಲೆ ಎಲ್ಲರದ್ದೂ, ಆದರೆ ಕಿಟಕಿ ಒಬ್ಬರದ್ದು.

ಆಮೇಲೆ ಉಪಗ್ರಹ ಟಿವಿ ಬಂತು. ಉಪಗ್ರಹದ ಸಿಗ್ನಲ್ಲಿಗೆ ದೇಶದ ಗಡಿ ಗೊತ್ತಾಗಲ್ಲ. ಅದಕ್ಕೇ ಕಂಪನಿಗಳು ಸಿಗ್ನಲ್ಲಿಗೆ ಬೀಗ ಹಾಕಿ, ಬೀಗದ ಕೈಯನ್ನು ದೇಶ ದೇಶಕ್ಕೆ ಬೇರೆ ಬೇರೆ ರೇಟಿಗೆ ಮಾರಿದವು. ಇಂಗ್ಲೆಂಡಿನ ಪೋರ್ಟ್ಸ್‌ಮತ್‌ನಲ್ಲಿ ಪಬ್ ನಡೆಸ್ತಿದ್ದ ಕರೆನ್ ಮರ್ಫಿ ಅನ್ನೋ ಹೆಣ್ಣುಮಗಳು ಅಲ್ಲಿನ ರೇಟು ಕಟ್ಟಲಾರದೆ ಗ್ರೀಸ್ ದೇಶದ ಅಗ್ಗದ ಡಿಕೋಡರ್ ಕಾರ್ಡ್ ತರಿಸಿ ಪಂದ್ಯ ತೋರಿಸಿದಳು. ಕೇಸು ಬಿತ್ತು, ದಂಡ ಮತ್ತು ಖರ್ಚು ಸೇರಿ ಸುಮಾರು 8 ಸಾವಿರ ಪೌಂಡ್. ಆಕೆ ಬಿಡಲಿಲ್ಲ, ಯುರೋಪಿನ ನ್ಯಾಯಾಲಯದ ತನಕ ಹೋದಳು. 2011ರ ಅಕ್ಟೋಬರ್ 4ರಂದು ತೀರ್ಪು ಬಂತು: ಯುರೋಪ್ ಒಕ್ಕೂಟದ ಒಂದು ದೇಶದ ಕಾರ್ಡನ್ನು ಇನ್ನೊಂದು ದೇಶದಲ್ಲಿ ಬಳಸಬಾರದು ಅನ್ನೋದು ಒಕ್ಕೂಟದ ಕಾನೂನಿಗೆ ವಿರುದ್ಧ. ಪಂದ್ಯ ಅನ್ನೋದು ಯಾರ ಕೃತಿಸ್ವಾಮ್ಯವೂ ಅಲ್ಲ, ಅದರ ಜೊತೆ ತೋರಿಸೋ ಲೋಗೊ, ಸಂಗೀತಕ್ಕೆ ಮಾತ್ರ ಆ ಹಕ್ಕು ಇರಬಹುದು ಅಂತಲೂ ಕೋರ್ಟು ಹೇಳಿತು. 2012ರಲ್ಲಿ ಆಕೆಯ ಶಿಕ್ಷೆ ರದ್ದಾಯಿತು. ಮುಂದೆ 2018ರ ಏಪ್ರಿಲ್ 1ರಿಂದ ಯುರೋಪ್ ಒಕ್ಕೂಟದಲ್ಲಿ ಇನ್ನೊಂದು ನಿಯಮ ಜಾರಿಗೆ ಬಂತು. ನಿಮ್ಮ ದೇಶದಲ್ಲಿ ದುಡ್ಡು ಕಟ್ಟಿದ ಆಪನ್ನು ಒಕ್ಕೂಟದ ಬೇರೆ ದೇಶಕ್ಕೆ ಸ್ವಲ್ಪ ದಿನ ಹೋದಾಗಲೂ ನೋಡಬಹುದು, ಕಂಪನಿ ತಡೆಯೋ ಹಾಗಿಲ್ಲ.

ಈಗ ಗಲ್ಫಿಗೆ ಬರೋಣ. ಅಲ್ಲಿ ಅಂಥ ಹಕ್ಕು ಯಾರಿಗೂ ಇಲ್ಲ. ಫೋನಿನ ಐಪಿ ವಿಳಾಸ ನೋಡಿ ನೀವು ಯಾವ ದೇಶದಲ್ಲಿದ್ದೀರಿ ಅಂತ ಕಂಪನಿಯ ಸರ್ವರ್ ಪತ್ತೆ ಮಾಡುತ್ತೆ, ಆ ದೇಶದ ಹಕ್ಕು ಖರೀದಿ ಮಾಡಿಲ್ಲ ಅಂದ್ರೆ ಬಾಗಿಲು ಹಾಕುತ್ತೆ. ವಿಶ್ವಕಪ್ ಹಕ್ಕು ನಮ್ಮಲ್ಲಿ ವಯಾಕಾಮ್18 ಕೈಯಲ್ಲಿತ್ತು, ಕತಾರಿನಲ್ಲಿ ಬಿಇನ್ ಕೈಯಲ್ಲಿ. ಇದರಲ್ಲೂ ವರ್ಗ ಇದೆ ನೋಡ್ರಿ. ಇಲ್ಲಿನ ಸಿಮ್ಮಿಗೇ ದುಬಾರಿ ರೋಮಿಂಗ್ ಪ್ಯಾಕ್ ಹಾಕಿಸಿಕೊಂಡು ಹೋದ ಸಾಹೇಬರ ಡೇಟಾ ಸಾಮಾನ್ಯವಾಗಿ ಇಲ್ಲಿನ ನೆಟ್‌ವರ್ಕ್ ಮೂಲಕವೇ ಹಾದು ಹೋಗುತ್ತೆ, ಹಾಗಾಗಿ ಎಷ್ಟೋ ಸಲ ಅವರಿಗೆ ಇಲ್ಲಿನ ಆಪ್ ಓಡುತ್ತೆ. ಕ್ಯಾಂಪಿನ ವೈಫೈ, ಅಲ್ಲಿನ ಅಗ್ಗದ ಸಿಮ್ ನಂಬಿದ ಕೂಲಿಯವನಿಗೆ ಓಡಲ್ಲ. ವಿಪಿಎನ್ ಹಾಕೋ ಅಂತ ಯಾರೋ ಹೇಳಿಕೊಡ್ತಾರೆ. ಯುಎಇಯಲ್ಲಿ ಐಪಿ ವಿಳಾಸ ಮರೆಮಾಚಿ ಅಪರಾಧ ಮಾಡಿದರೆ 5 ಲಕ್ಷದಿಂದ 20 ಲಕ್ಷ ದಿರ್ಹಮ್ ತನಕ ದಂಡ ಇದೆ. ಗಲ್ಫಲ್ಲಿರೋ ನಿಮ್ಮ ಹುಡುಗರಿಗೆ ಇದನ್ನು ದಯವಿಟ್ಟು ತಿಳಿಸಿ.

ಕತಾರಿನ ಆ ಮೈದಾನಗಳನ್ನು ಕಟ್ಟಿದವರು ಯಾರು? 2010ರಿಂದ ಹತ್ತು ವರ್ಷದಲ್ಲಿ ಭಾರತ, ನೇಪಾಳ, ಬಾಂಗ್ಲಾ, ಪಾಕಿಸ್ತಾನ, ಶ್ರೀಲಂಕಾದ 6,500ಕ್ಕೂ ಹೆಚ್ಚು ವಲಸೆ ಕಾರ್ಮಿಕರು ಕತಾರಿನಲ್ಲಿ ಸತ್ತರು ಅಂತ 2021ರ ಫೆಬ್ರವರಿಯಲ್ಲಿ ಗಾರ್ಡಿಯನ್ ಪತ್ರಿಕೆ ಬರೆಯಿತು. ಎಲ್ಲರೂ ಮೈದಾನದ ಕೆಲಸದಲ್ಲೇ ಸತ್ತವರಲ್ಲ, ಅದನ್ನೂ ಹೇಳಬೇಕು. ವಿಶ್ವಕಪ್ ಬಂದಾಗ ಕಾರ್ಮಿಕರಿಗೆ ಅಂತ ದೋಹಾದ ಹೊರವಲಯದ ಏಷ್ಯನ್ ಟೌನ್ ಕ್ರಿಕೆಟ್ ಮೈದಾನದಲ್ಲಿ ದೊಡ್ಡ ಪರದೆ ಹಾಕಿದರು. ಪುಕ್ಕಟೆ, ಸರಿ. ಸಾವಿರಾರು ಜನ ಖುಷಿಯಿಂದಲೇ ನೋಡಿದರು. ಆದರೆ ಊರಿನ ಹೊರಗೆ, ಬೇರೆಯಾಗಿ. ಈ ವ್ಯವಸ್ಥೆ ಎಲ್ಲೋ ನೋಡಿದ ಹಾಗಿದೆ ಅಲ್ವಾ?

ನಮ್ಮ ದೇಶದ ಕಾನೂನು ಏನನ್ನುತ್ತೆ? 1995ರ ಫೆಬ್ರವರಿ 9ರಂದು ಬಂಗಾಳ ಕ್ರಿಕೆಟ್ ಸಂಸ್ಥೆಯ ಕೇಸಿನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು: ಪ್ರಸಾರದ ತರಂಗಗಳು ಸಾರ್ವಜನಿಕ ಆಸ್ತಿ. ಆ ಪೀಠದಲ್ಲಿದ್ದವರು ನಮ್ಮ ಚಳವಳಿಯವರಿಗೆಲ್ಲ ಪರಿಚಿತರಾದ ನ್ಯಾಯಮೂರ್ತಿ ಪಿ.ಬಿ. ಸಾವಂತ್. 2007ರಲ್ಲಿ, ರಾಷ್ಟ್ರೀಯ ಮಹತ್ವದ ಪಂದ್ಯಗಳ ಸಿಗ್ನಲ್ಲನ್ನು ಪ್ರಸಾರ ಭಾರತಿ ಜೊತೆ ಹಂಚಿಕೊಳ್ಳಲೇಬೇಕು ಅಂತ ಕಾಯ್ದೆಯೂ ಬಂತು. ಅದು ಟಿವಿ, ರೇಡಿಯೊ ಕಾಲದ ಕಾಯ್ದೆ. ಈಗ ಜನ ಆಟ ನೋಡ್ತಿರೋದು ಫೋನಲ್ಲಿ. ದೇಶ ಬಿಟ್ಟು ದುಡಿಯೋಕೆ ಹೋದವನ ಫೋನಿಗೆ ಅದರಿಂದ ಏನೂ ಸಿಗಲ್ಲ. ಮಹಾಡದ ಕೆರೆ ಹಾಗೇ ಇದೂ ಕಾಗದದ ಮೇಲೆ ಎಲ್ಲರದ್ದು.

ಕೇಳಬೇಕಾದ್ದು ದೊಡ್ಡದೇನಲ್ಲ. ಗಲ್ಫ್ ದೇಶಗಳ ಜೊತೆ ನಮ್ಮ ಸರಕಾರ ಕಾರ್ಮಿಕ ಒಪ್ಪಂದ ಮಾಡಿಕೊಳ್ಳುತ್ತೆ. ಯುರೋಪಿನವರು ತಮ್ಮ ಪ್ರಯಾಣಿಕರಿಗೆ ಕೊಟ್ಟ ಹಕ್ಕನ್ನು ನಮ್ಮ ಕಾರ್ಮಿಕರಿಗೂ ಆ ಒಪ್ಪಂದದಲ್ಲಿ ಬರೆಸಲಿ. ಸಂಬಳ, ಪಾಸ್‌ಪೋರ್ಟ್, ರೂಮಿನ ಗಾಳಿ ಬೆಳಕು ಮೊದಲು, ಅದರಲ್ಲಿ ಎರಡು ಮಾತಿಲ್ಲ. ಆದರೆ ಹನ್ನೆರಡು ಗಂಟೆ ದುಡಿದು ಬಂದವನು ಊರಿನ ಅಣ್ಣತಮ್ಮಂದಿರು ನೋಡ್ತಿರೋ ಆಟವನ್ನೇ ಅದೇ ಹೊತ್ತಿಗೆ ನೋಡಬೇಕು ಅನ್ನೋದೂ ಮನುಷ್ಯನ ಆಸೆಯೇ. ವಲಸೆ ಕಾರ್ಮಿಕರ ಬೇಡಿಕೆ ಪಟ್ಟಿ ಬರೆಯೋ ಸಂಗಾತಿಗಳು ಈ ಒಂದು ಸಾಲನ್ನೂ ಸೇರಿಸಿ. ಮುಂದಿನ ಸಭೆಗೆ ನಾನು ಇದನ್ನು ಬರೆದುಕೊಂಡೇ ಬರ್ತೀನಿ.

ಜೈ ಭೀಮ್.