ಚಹಾ ಅಂಗಡಿಗೆ ಬಂದ ಸಿಂಹ

ಮ್ಯಾನೇಜ್‌ಮೆಂಟ್ ಓದಿದವರಿಗೆ ಎಂಐಎಸ್ ಅಂದ ಕೂಡಲೇ ಒಂದು ಪಿರಮಿಡ್ ಚಿತ್ರ ನೆನಪಾಗುತ್ತದೆ. ಕೆಳಗೆ ದಿನನಿತ್ಯದ ಲೆಕ್ಕ, ನಡುವೆ ವರದಿಗಳು, ತುದಿಯಲ್ಲಿ ದೊಡ್ಡ ಸಾಹೇಬರ ನಿರ್ಧಾರ. ಪರೀಕ್ಷೆಯಲ್ಲಿ ಬರೆದು ಮರೆತುಬಿಡುವ ಚಿತ್ರ ಅದು. ಆದರೆ ಕಚೇರಿ ಲೆಕ್ಕವನ್ನು ವಾರವಾರವೂ ಕಂಪ್ಯೂಟರಿನಿಂದ ಮಾಡಿಸತೊಡಗಿದ ಮೊದಲ ವ್ಯಾಪಾರ ಸಂಸ್ಥೆ ಯಾವುದು ಗೊತ್ತಾ? ಬ್ಯಾಂಕ್ ಅಲ್ಲ, ವಿಮಾನ ಕಂಪನಿಯೂ ಅಲ್ಲ. ಲಂಡನ್ನಿನಲ್ಲಿ ಚಹಾ, ಬನ್ನು, ಕೇಕು ಮಾರುತ್ತಿದ್ದ ಜೆ. ಲಯನ್ಸ್ ಅಂಡ್ ಕಂಪನಿ!

ಲಯನ್ಸ್‌ನ ಮೊದಲ ಚಹಾ ಅಂಗಡಿ ಪಿಕಡಿಲಿಯಲ್ಲಿ ಶುರುವಾದದ್ದು 1894ರಲ್ಲಿ. ಮುಂದೆ ಅಂಥ ಅಂಗಡಿಗಳು ಇನ್ನೂರನ್ನು ದಾಟಿದವು. ಕ್ಯಾಡ್ಬಿ ಹಾಲ್ ಎಂಬಲ್ಲಿ ದೊಡ್ಡ ಬೇಕರಿ, ಅಲ್ಲೇ ಕಚೇರಿ. ಈ ವ್ಯಾಪಾರದ ಕಷ್ಟ ನಮ್ಮ ಊರಿನ ಹೋಟೆಲ್ ಮಾಲೀಕರಿಗೂ ಗೊತ್ತಿರುವಂಥದ್ದೇ. ಒಂದು ಬನ್ನಿನ ಮೇಲೆ ಸಿಗುವ ಲಾಭ ಚಿಲ್ಲರೆ ಕಾಸು. ಹೆಚ್ಚು ಮಾಡಿದರೆ ಸಂಜೆ ಹಳಸುತ್ತದೆ, ಕಡಿಮೆ ಮಾಡಿದರೆ ಗಿರಾಕಿ ಎದ್ದು ಹೋಗುತ್ತಾನೆ. ಲಕ್ಷಗಟ್ಟಲೆ ಚಿಕ್ಕ ಚಿಕ್ಕ ಬಿಲ್ಲುಗಳನ್ನು ಕೂಡಿ ಕಳೆಯಲು ಗುಮಾಸ್ತರ ಒಂದು ಸೈನ್ಯವೇ ಬೇಕಿತ್ತು.

1923ರಲ್ಲಿ ಕಂಪನಿ ಸೇರಿದ ಜಾನ್ ಸಿಮನ್ಸ್ ಎಂಬ ಗಣಿತ ಪದವೀಧರರಿಗೆ ಈ ಸೈನ್ಯ ನೋಡಿ ಒಂದು ಪ್ರಶ್ನೆ ಎದ್ದಿತು. ಇಷ್ಟೆಲ್ಲ ಲೆಕ್ಕ ಯಾರಿಗಾಗಿ? ಲೆಕ್ಕ ಕೊನೆಗೆ ಮ್ಯಾನೇಜರನ ಕೈ ಸೇರಿ ಅವನು ಏನಾದರೂ ಬದಲಾಯಿಸುವಂತಾಗಬೇಕು, ಇಲ್ಲದಿದ್ದರೆ ಅದು ಬರೀ ಕಾಗದ. ಇದನ್ನು ಯೋಚಿಸಲೆಂದೇ 1930ರ ದಶಕದಲ್ಲಿ ಅಲ್ಲಿ ಸಿಸ್ಟಮ್ಸ್ ರಿಸರ್ಚ್ ಆಫೀಸ್ ಅಂತ ಒಂದು ವಿಭಾಗ ಹುಟ್ಟಿತು. ಕಂಪ್ಯೂಟರ್ ಇನ್ನೂ ಇರಲೇ ಇಲ್ಲ, ಗಮನಿಸಿ. ಪ್ರಶ್ನೆ ಮೊದಲು ಬಂತು, ಯಂತ್ರ ಆಮೇಲೆ.

1947ರಲ್ಲಿ ಥಾಮ್ಸನ್, ಸ್ಟ್ಯಾಂಡಿಂಗ್‌ಫೋರ್ಡ್ ಎಂಬ ಇಬ್ಬರು ಅಧಿಕಾರಿಗಳು ಕಚೇರಿ ಪದ್ಧತಿ ನೋಡಲು ಅಮೆರಿಕಕ್ಕೆ ಹೋದರು. ಪ್ರಿನ್ಸ್‌ಟನ್ನಿನಲ್ಲಿ ಹರ್ಮನ್ ಗೋಲ್ಡ್‌ಸ್ಟೈನ್, ನಿಮ್ಮ ಕೇಂಬ್ರಿಜ್‌ನಲ್ಲೇ ಮಾರಿಸ್ ವಿಲ್ಕ್ಸ್ ಕಂಪ್ಯೂಟರ್ ಕಟ್ಟುತ್ತಿದ್ದಾರೆ ಎಂದು ತಿಳಿಸಿದರು. ಬಗಲಲ್ಲಿ ಮಗು, ಊರೆಲ್ಲ ಹುಡುಕಾಟ! ಲಯನ್ಸ್ ವಿಲ್ಕ್ಸ್‌ಗೆ 3000 ಪೌಂಡ್ ಮತ್ತು ಒಬ್ಬ ಸಹಾಯಕನನ್ನು ಕೊಟ್ಟಿತು. ಅವರ ಎಡ್‌ಸ್ಯಾಕ್ ಯಂತ್ರ 1949ರ ಮೇ ತಿಂಗಳಲ್ಲಿ ಓಡಿತು. ಅದನ್ನೇ ಮಾದರಿಯಾಗಿಟ್ಟುಕೊಂಡು, ಜಾನ್ ಪಿಂಕರ್ಟನ್ ಎಂಬ ಇಂಜಿನಿಯರ್ ನೇತೃತ್ವದಲ್ಲಿ ಲಯನ್ಸ್ ತನ್ನದೇ ಯಂತ್ರ ಕಟ್ಟಿಸಿತು. ಹೆಸರು ಲಯನ್ಸ್ ಎಲೆಕ್ಟ್ರಾನಿಕ್ ಆಫೀಸ್, ಚಿಕ್ಕದಾಗಿ ಲಿಯೋ. ಅಂದರೆ ಸಿಂಹ! ಸಾವಿರಾರು ವಾಲ್ವ್‌ಗಳ ಈ ಸಿಂಹದ ಮೆಮೊರಿ ಒಂಬತ್ತು ಕಿಲೋಬೈಟಿಗೂ ಕಡಿಮೆ.

1951ರ ನವೆಂಬರಿನಲ್ಲಿ ಲಿಯೋ ತನ್ನ ಮೊದಲ ಕಾಯಂ ಕೆಲಸ ಆರಂಭಿಸಿತು. ವಾರದಲ್ಲಿ ಬೇಕರಿಯಿಂದ ಹೊರಬಿದ್ದ ಬ್ರೆಡ್, ಕೇಕ್‌ಗಳ ಮೌಲ್ಯ ಎಷ್ಟು ಎಂಬ ಲೆಕ್ಕ. ಗುಮಾಸ್ತರೂ ಅದನ್ನು ಮಾಡುತ್ತಿದ್ದರು, ಸರಿ. ನಿಜವಾದ ಬದಲಾವಣೆ ಬಂದದ್ದು 1954ರ ಹೊತ್ತಿಗೆ, ಡೇವಿಡ್ ಕ್ಯಾಮಿನರ್ ತಂಡ ಚಹಾ ಅಂಗಡಿಗಳ ಆರ್ಡರನ್ನು ಲಿಯೋಗೆ ವಹಿಸಿದಾಗ.

ಅದು ಹೀಗೆ ನಡೆಯುತ್ತಿತ್ತು. ವಾರದ ಪ್ರತಿ ದಿನಕ್ಕೂ ಒಂದೊಂದು ಅಂಗಡಿಗೆ ಇಷ್ಟಿಷ್ಟು ಅಂತ ಕಾಯಂ ಆರ್ಡರ್ ಇರುತ್ತಿತ್ತು. ಅಂಗಡಿ ನೋಡಿಕೊಳ್ಳುವ ಮಹಿಳೆ ಫೋನಿನಲ್ಲಿ ಬದಲಾವಣೆಗಳನ್ನಷ್ಟೇ ಹೇಳಿದರೆ ಸಾಕು. ಕೇಳಿಸಿಕೊಂಡವರು ಹಾಗೇ ಕಾರ್ಡಿನಲ್ಲಿ ತೂತು ಹೊಡೆಯುತ್ತಿದ್ದರು. ಲಿಯೋ ಎಲ್ಲ ಅಂಗಡಿಗಳದ್ದನ್ನೂ ಕೂಡಿಸಿ, ಏನೇನು ಎಷ್ಟೆಷ್ಟು ತಯಾರಾಗಬೇಕು, ಯಾವ ಅಂಗಡಿಗೆ ಏನು ಹೋಗಬೇಕು ಎಂಬ ಪಟ್ಟಿ ಕೊಡುತ್ತಿತ್ತು. ಅದೇ ಅಂಕಿಗಳಿಂದ ಮೇಲಿನವರಿಗೂ ವರದಿ.

ಇಲ್ಲಿ ಎರಡು ವಿಷಯ ಗಮನಿಸಬೇಕು. ಒಂದು, ನಾಳೆ ಎಷ್ಟು ಬನ್ ಬೇಕು ಎಂದು ತೀರ್ಮಾನಿಸುವವಳು ಗಿರಾಕಿಗಳ ಮುಖ ನೋಡಿದ ಹೆಂಗಸೇ, ಯಂತ್ರವಲ್ಲ. ಎರಡು, ಎಲ್ಲವನ್ನೂ ಹೇಳುವ ಬದಲು ವ್ಯತ್ಯಾಸವನ್ನಷ್ಟೇ ಹೇಳು ಎಂಬ ಸೂತ್ರ. ಲಿಯೋ ತಂಡ ವರದಿಗಳಿಗೂ ಇದನ್ನೇ ಬಯಸಿತು. ಸಾವಿರ ಸಾಲಿನ ಪಟ್ಟಿ ಬೇಡ, ದಾರಿ ತಪ್ಪಿದ ಹತ್ತು ಸಾಲು ಸಾಕು. ಆದರೆ ಮುಂದೆ ಬಂದ ಅನೇಕ ಕಂಪನಿಗಳು ಈ ಪಾಠ ಕಲಿಯಲಿಲ್ಲ. 1967ರಲ್ಲಿ ರಸೆಲ್ ಏಕಾಫ್ ಒಂದು ಲೇಖನದಲ್ಲಿ, ಮ್ಯಾನೇಜರುಗಳ ಗೋಳು ಮಾಹಿತಿಯ ಕೊರತೆಗಿಂತ ಹೆಚ್ಚಾಗಿ ಬೇಡದ ಮಾಹಿತಿಯ ಪ್ರವಾಹ ಎಂದು ವಾದಿಸಬೇಕಾಯಿತು.

ಇನ್ನು ಕಥೆಯ ಕಹಿ ಭಾಗ. 1963ರಲ್ಲಿ ಲಿಯೋ ಕಂಪನಿ ಇಂಗ್ಲಿಷ್ ಎಲೆಕ್ಟ್ರಿಕ್ ಜೊತೆ ವಿಲೀನವಾಯಿತು. ಮೊದಲ ಲಿಯೋ 1965ರಲ್ಲಿ ಬಾಗಿಲು ಹಾಕಿತು. ಲಯನ್ಸ್ ಮಾತ್ರ ದೊಡ್ಡದಾಗುವ ಆಸೆಯಲ್ಲಿ ಕಂಪನಿ ಮೇಲೆ ಕಂಪನಿ ಕೊಂಡಿತು, ವಿದೇಶಿ ಹಣದಲ್ಲಿ ಸಾಲ ಎತ್ತಿತು. 1973ರ ತೈಲ ಬಿಕ್ಕಟ್ಟಿನ ನಂತರ ಪೌಂಡ್ ಕುಸಿದಾಗ ಆ ಸಾಲ ಉಬ್ಬಿತು. 1978ರಲ್ಲಿ ಲಯನ್ಸ್ ಅಲೈಡ್ ಬ್ರೂವರೀಸ್ ಪಾಲಾಯಿತು.

ಬನ್ನಿನ ಕಾಸುಕಾಸಿಗೂ ಲೆಕ್ಕ ಇಟ್ಟ ಸಂಸ್ಥೆ ಸಾಲದ ವಿಷಯದಲ್ಲಿ ಎಡವಿದ್ದು ಹೇಗೆ? 1971ರಲ್ಲಿ ಗೋರಿ ಮತ್ತು ಸ್ಕಾಟ್ ಮಾರ್ಟನ್ ಮಾಡಿದ ವಿಂಗಡಣೆ ಇಲ್ಲಿ ನೆರವಿಗೆ ಬರುತ್ತದೆ. ಕೆಲವು ನಿರ್ಧಾರಗಳಿಗೆ ಸೂತ್ರ ಇರುತ್ತದೆ, ದಿನವೂ ಮರುಕಳಿಸುತ್ತವೆ. ಅವನ್ನು ಯಂತ್ರಕ್ಕೆ ಕಲಿಸಬಹುದು. ಕೆಲವಕ್ಕೆ ಸೂತ್ರವೇ ಇಲ್ಲ. ಬನ್ನಿನ ಆರ್ಡರ್ ತಪ್ಪಿದರೆ ಮರುದಿನ ತಿದ್ದಬಹುದು. ಯಾವ ಕಂಪನಿ ಕೊಳ್ಳಬೇಕು, ಯಾವ ದೇಶದ ಹಣದಲ್ಲಿ ಸಾಲ ಮಾಡಬೇಕು ಎಂಬುದಕ್ಕೆ ಮರುದಿನ ಇಲ್ಲ.

ಈಗ ನಮ್ಮ ಕಚೇರಿಗಳಲ್ಲಿ ಬಣ್ಣಬಣ್ಣದ ಡ್ಯಾಶ್‌ಬೋರ್ಡ್‌ಗಳಿವೆ. ಮೆಮೊರಿಗೆ ಬರವಿಲ್ಲ. ಆದರೂ ಸಿಮನ್ಸ್ ಕೇಳಿದ ಪ್ರಶ್ನೆ ಹಾಗೇ ಇದೆ. ಈ ಲೆಕ್ಕ ನೋಡಿ ಯಾರು, ಏನನ್ನು ಬದಲಾಯಿಸುತ್ತಾರೆ? ಉತ್ತರ ಇಲ್ಲದಿದ್ದರೆ ಸಿಂಹ ಕಟ್ಟಿದ್ದೂ ವ್ಯರ್ಥವೇ ಸರಿ.