ಗೇಮ್ ಎಂಜಿನ್ ಸ್ವಯಂಚಾಲನಾ ಸಾಧನ

ಗೇಮ್ ಎಂಜಿನ್ ಸ್ವಯಂಚಾಲನಾ ಸಾಧನ ಎಂದರೆ ಗಣಕದ ಆಟಗಳನ್ನು ರೂಪಿಸುವ ಎಂಜಿನ್ನನ್ನು ಮೌಸ್ ಬಳಸದೆ, ಲಿಖಿತ ಆದೇಶಗಳ ಮೂಲಕ ನಡೆಸುವ ತಂತ್ರಾಂಶ. ದೃಶ್ಯಗಳನ್ನು ಜೋಡಿಸುವುದು, ಆಟವನ್ನು ಚಾಲನೆ ಮಾಡುವುದು, ದೋಷಸೂಚನೆಗಳನ್ನು ಓದುವುದು ಹಾಗೂ ಆಟದ ಸಿದ್ಧ ಆವೃತ್ತಿಯನ್ನು ತಯಾರಿಸುವುದು ಇದರ ಮುಖ್ಯ ಕಾರ್ಯಗಳು. ಇಂತಹ ಸಾಧನಗಳನ್ನು ಈಗ ಎಐ ಏಜೆಂಟ್‌ಗಳೂ ಬಳಸುತ್ತವೆ. ಸಾಧನವು ಹಿಂದಿರುಗಿಸುವ ಮಾಹಿತಿಯಷ್ಟೇ ಏಜೆಂಟ್‌ಗೆ ಲಭ್ಯವಾಗುವುದರಿಂದ, ಸಾಧನದ ದಾಖಲೀಕರಣವು ಕೆಲಸದ ಗುಣಮಟ್ಟವನ್ನೇ ನಿರ್ಧರಿಸುತ್ತದೆ.

ಹಿನ್ನೆಲೆ

ಯೂನಿಟಿ, ಅನ್‌ರಿಯಲ್ ಮತ್ತು ಗೊಡೊ ಪ್ರಮುಖ ಗೇಮ್ ಎಂಜಿನ್‌ಗಳು. ಯೂನಿಟಿ ಸಂಸ್ಥೆಯು 2017ರಲ್ಲಿ ಬಿಡುಗಡೆ ಮಾಡಿದ 'ಎಂಎಲ್-ಏಜೆಂಟ್ಸ್' ಆಟದೊಳಗಿನ ಪಾತ್ರಗಳಿಗೆ ತರಬೇತಿ ನೀಡುವ ಸಾಧನ. ಆಟವನ್ನೇ ಕಟ್ಟುವ ಏಜೆಂಟ್‌ಗಳಿಗೆ ಬೇಕಾದ ಸಾಧನ ಇದಕ್ಕಿಂತ ಭಿನ್ನ.

ಗೊಡೊ ಎಂಜಿನ್ನನ್ನು ಅರ್ಜೆಂಟೀನಾದ ಹುವಾನ್ ಲಿನಿಯೆಟ್ಸ್ಕಿ ಮತ್ತು ಏರಿಯಲ್ ಮಂಜೂರ್ ರೂಪಿಸಿದರು. 2014ರಲ್ಲಿ ಎಂಐಟಿ ಪರವಾನಗಿಯಡಿ ಇದರ ಆಕರ ಸಂಕೇತವನ್ನು ಮುಕ್ತಗೊಳಿಸಲಾಯಿತು. ಇದರ ದೃಶ್ಯ ಕಡತಗಳು ಸರಳ ಪಠ್ಯ ರೂಪದಲ್ಲಿರುವುದರಿಂದ ಏಜೆಂಟ್ ಅವುಗಳನ್ನು ಓದಿ ತಿದ್ದಬಲ್ಲದು. ಆದ ಬದಲಾವಣೆಯನ್ನು ಮನುಷ್ಯರು ಸಾಲುಸಾಲಾಗಿ ಪರಿಶೀಲಿಸಬಹುದು.

ಕಾರ್ಯವಿಧಾನ

ಗೊಡೊ 4ರಲ್ಲಿರುವ 'ಹೆಡ್‌ಲೆಸ್' ವಿಧಾನವು ಎಂಜಿನ್ನನ್ನು ಕಿಟಕಿ ತೆರೆಯದೆಯೇ ನಡೆಸುತ್ತದೆ. ಸ್ಕ್ರಿಪ್ಟ್ ಚಲಾಯಿಸಲು, ಅದರ ವ್ಯಾಕರಣ ದೋಷವನ್ನು ಮಾತ್ರ ಪರೀಕ್ಷಿಸಲು ಮತ್ತು ಆಟವನ್ನು ರಫ್ತು ಮಾಡಲು ಬೇರೆ ಬೇರೆ ಆದೇಶಗಳಿವೆ.

ಈ ಆದೇಶಗಳನ್ನು ಏಜೆಂಟ್‌ಗೆ ತಲುಪಿಸಲು ಹೆಚ್ಚಾಗಿ 'ಮಾಡೆಲ್ ಕಾಂಟೆಕ್ಸ್ಟ್ ಪ್ರೊಟೊಕಾಲ್' ಬಳಕೆಯಾಗುತ್ತದೆ. ಆಂಥ್ರೊಪಿಕ್ ಸಂಸ್ಥೆಯು 2024ರ ನವೆಂಬರ್‌ನಲ್ಲಿ ಪ್ರಕಟಿಸಿದ ಈ ಮುಕ್ತ ಮಾನದಂಡವು ಜೇಸನ್-ಆರ್‌ಪಿಸಿ 2.0 ಸಂದೇಶಗಳನ್ನು ಆಧರಿಸಿದೆ. ಇದರಲ್ಲಿ ಪ್ರತಿಯೊಂದು ಸಾಧನಕ್ಕೂ ಹೆಸರು, ವಿವರಣೆ ಮತ್ತು ಅದು ಪಡೆಯುವ ಮಾಹಿತಿಯ ನಮೂನೆ ಇರುತ್ತವೆ.

ದಾಖಲೀಕರಣ

ಏಜೆಂಟ್ ಯಾವ ಆದೇಶವನ್ನು ಯಾವಾಗ ಬಳಸಬೇಕೆಂದು ವಿವರಣೆಯನ್ನು ಓದಿಯೇ ತೀರ್ಮಾನಿಸುತ್ತದೆ. ಹೀಗಾಗಿ ಉತ್ತಮ ದಾಖಲೆಯಲ್ಲಿ ಮೂರು ಅಂಶಗಳು ಅಗತ್ಯ:

• ಎಂಜಿನ್‌ನ ಆವೃತ್ತಿ: ಗೊಡೊ 3ರ 'ಕೈನೆಮ್ಯಾಟಿಕ್‌ಬಾಡಿ2ಡಿ' ಗೊಡೊ 4ರಲ್ಲಿ 'ಕ್ಯಾರೆಕ್ಟರ್‌ಬಾಡಿ2ಡಿ' ಆಗಿದೆ, 'ಯೀಲ್ಡ್' ಬದಲಿಗೆ 'ಅವೇಟ್' ಬಂದಿದೆ. ಆವೃತ್ತಿ ನಮೂದಾಗದಿದ್ದರೆ ಏಜೆಂಟ್ ಹಳೆಯ ಹೆಸರುಗಳನ್ನೇ ಬರೆಯಬಹುದು.
• ಪರಿಣಾಮ: ಆದೇಶವು ಕಡತವನ್ನು ಓದುತ್ತದೆಯೋ, ಬದಲಿಸುತ್ತದೆಯೋ, ಅಳಿಸುತ್ತದೆಯೋ ಎಂಬ ಸ್ಪಷ್ಟನೆ.
• ಮಿತಿ: ಆದೇಶದಿಂದ ತಿಳಿಯಲಾಗದ ಸಂಗತಿಗಳು. ಹೆಡ್‌ಲೆಸ್ ವಿಧಾನದಲ್ಲಿ ಚಿತ್ರ ಮೂಡುವುದಿಲ್ಲ. ಆದ್ದರಿಂದ 'ದೋಷವಿಲ್ಲ' ಎಂಬ ಉತ್ತರವು ಪರದೆ ಸರಿಯಾಗಿದೆ ಎಂಬುದಕ್ಕೆ ಸಾಕ್ಷಿಯಲ್ಲ.

ಕನ್ನಡ ಲಿಪಿಯ ಪರೀಕ್ಷೆ

ಮೂರನೆಯ ಅಂಶದ ಮಹತ್ವ ಕನ್ನಡ ಆಟಗಳಲ್ಲಿ ಎದ್ದು ಕಾಣುತ್ತದೆ. 'ಚಿಕ್ಕೋಡಿ' ಪದದ 'ಕ್ಕೋ' ಅಕ್ಷರವು ಯೂನಿಕೋಡ್‌ನಲ್ಲಿ ಕಕಾರ, ವಿರಾಮ ಚಿಹ್ನೆ, ಮತ್ತೊಂದು ಕಕಾರ ಮತ್ತು ಓಕಾರದ ಚಿಹ್ನೆ ಎಂಬ ನಾಲ್ಕು ಸಂಕೇತಗಳಾಗಿರುತ್ತದೆ. ಇವುಗಳನ್ನು ಒಂದೇ ಅಕ್ಷರವಾಗಿ ಜೋಡಿಸುವ ವ್ಯವಸ್ಥೆ ಗೊಡೊ 3ರಲ್ಲಿ ಇರಲಿಲ್ಲ. 2023ರ ಮಾರ್ಚ್ 1ರಂದು ಬಿಡುಗಡೆಯಾದ ಗೊಡೊ 4.0 ಹಾರ್ಫ್‌ಬಜ್ ಮತ್ತು ಐಸಿಯು ಗ್ರಂಥಾಲಯಗಳ ನೆರವಿನಿಂದ ಈ ಕೊರತೆಯನ್ನು ನೀಗಿಸಿತು.

ಆದರೂ ತೊಡಕುಗಳು ಉಳಿದಿವೆ. ಕನ್ನಡ ಫಾಂಟನ್ನು ಯೋಜನೆಯೊಳಗೆ ಸೇರಿಸದಿದ್ದರೆ, ಸ್ವಂತ ಗಣಕದಲ್ಲಿ ಸರಿಯಾಗಿ ಕಂಡ ಪಠ್ಯವು ಜಾಲ ಆವೃತ್ತಿಯಲ್ಲಿ ಕಾಣದೇ ಹೋಗಬಹುದು. ಅಲ್ಲಿ ಗಣಕದ ಫಾಂಟ್‌ಗಳು ಎಂಜಿನ್‌ಗೆ ಸಿಗುವುದಿಲ್ಲ. ಆಗಲೂ ಆಟ ನಿಲ್ಲದೆ ನಡೆಯುತ್ತದೆ.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ಬೆಳಗಾವಿ ಜಿಲ್ಲೆಯ ಗಡಿಭಾಗದ ತಾಲ್ಲೂಕುಗಳು. ಕನ್ನಡದೊಂದಿಗೆ ಮರಾಠಿಯೂ ಬಳಕೆಯಲ್ಲಿರುವ ಇಂತಹ ಪ್ರದೇಶದ ಮಕ್ಕಳಿಗಾಗಿ ಕಲಿಕೆಯ ಆಟ ರೂಪಿಸುವಾಗ ಕನ್ನಡ ಮತ್ತು ದೇವನಾಗರಿ ಲಿಪಿಗಳೆರಡನ್ನೂ ಪರೀಕ್ಷಿಸಬೇಕಾಗುತ್ತದೆ. ಗೊಡೊದಲ್ಲಿ ಭಾಷೆಯನ್ನು ಆದೇಶದ ಮೂಲಕವೇ ಬದಲಿಸಬಹುದು. 'ಮೂವಿ ಮೇಕರ್' ವಿಧಾನದಲ್ಲಿ ಪರದೆಯನ್ನು ಪಿಎನ್‌ಜಿ ಚಿತ್ರಗಳಾಗಿ ಉಳಿಸಿ ಏಜೆಂಟ್‌ಗೆ ತೋರಿಸಬಹುದು. ಒತ್ತಕ್ಷರಗಳು ಸರಿಯಾಗಿವೆಯೇ ಎಂಬುದನ್ನು ಕೊನೆಯಲ್ಲಿ ಆ ಲಿಪಿ ಬಲ್ಲವರು ಖಚಿತಪಡಿಸಿಕೊಳ್ಳುವುದು ಸೂಕ್ತ.

ಸುರಕ್ಷತೆ

ಗೊಡೊದ ಜಿಡಿಸ್ಕ್ರಿಪ್ಟ್ ಭಾಷೆಯಿಂದ ಗಣಕದ ಇತರ ಆದೇಶಗಳನ್ನೂ ಚಲಾಯಿಸಬಹುದು. ಅಂದರೆ ಏಜೆಂಟ್ ಬರೆದ ಸ್ಕ್ರಿಪ್ಟ್, ಬಳಕೆದಾರರಿಗಿರುವ ಅಧಿಕಾರದಲ್ಲೇ ನಡೆಯುತ್ತದೆ. ಆದ್ದರಿಂದ ಯೋಜನೆಯನ್ನು ಪ್ರತ್ಯೇಕ ಪರಿಸರದಲ್ಲಿರಿಸುವುದು, ಗಿಟ್‌ನಂತಹ ವ್ಯವಸ್ಥೆಯಲ್ಲಿ ಹಿಂದಿನ ಪ್ರತಿಗಳನ್ನು ಕಾಯ್ದಿಡುವುದು ಹಾಗೂ ಅಳಿಸುವ ಆದೇಶಗಳಿಗೆ ಮನುಷ್ಯರ ಒಪ್ಪಿಗೆ ಕಡ್ಡಾಯಗೊಳಿಸುವುದು ಮುಖ್ಯ ಮುನ್ನೆಚ್ಚರಿಕೆಗಳು.

ಇವನ್ನೂ ನೋಡಿ

• ಕೃತಕ ಬುದ್ಧಿಮತ್ತೆ
• ಮುಕ್ತ ತಂತ್ರಾಂಶ
• ಯೂನಿಕೋಡ್
• ಕನ್ನಡ ಲಿಪಿ